ಗೋಡೆಗೊಂದು ಕಾಟಿ ತಲೆ: ಆನ್‌ಲೈನಿನದು, ಫೈಬರಿನದು, ಶಿವನೆ ಮರದ್ದು – ಮಲೆನಾಡಿನ ಮಳೆಗೆ ನಿಲ್ಲುವುದು ಯಾವುದು?

ಹಳೇ ಮನೆಯನ್ನು ಹೋಂಸ್ಟೇ ಮಾಡುವವರು, ಶಿವಮೊಗ್ಗದಲ್ಲಿ ಹೊಸದಾಗಿ ತೊಟ್ಟಿಮನೆ ಮಾದರಿ ಕಟ್ಟಿಸುವವರು, ಎಸ್ಟೇಟ್ ಬಂಗಲೆಯ ಹಾಲ್ ಸರಿಮಾಡಿಸುವವರು, ಎಲ್ಲರೂ ಒಂದು ಹಂತದಲ್ಲಿ ಕೇಳುವ ಮಾತು ಒಂದೇ: ‘ಆ ಎದುರು ಗೋಡೆಗೆ ಒಂದು ಕಾಟಿ ತಲೆ ಹಾಕಿದ್ರೆ ಹೆಂಗೆ?’ ಕಾಟಿ ಅಂದರೆ ಕಾಡುಕೋಣ, ಇಂಡಿಯನ್ ಬೈಸನ್. ಆಸೆಯೇನೂ ತಪ್ಪಲ್ಲ. ಎತ್ತರದ ಮಾಡು, ದಪ್ಪ ಮುಂಡಿಗೆ, ಹೊಗೆ ಹಿಡಿದು ಕಪ್ಪಾದ ಜಂತೆಗಳಿರುವ ಚಾವಡಿಯಲ್ಲಿ ಫೋಟೋ ಫ್ರೇಮು, ಕ್ಯಾನ್ವಾಸ್ ಚಿತ್ರ ಎಲ್ಲ ಸಣ್ಣದಾಗಿ ಕಾಣುತ್ತವೆ. ಗೋಡೆಯಿಂದ ಎರಡಡಿ ಮುಂದೆ ಚಾಚಿದ ತಲೆ, ಸಂಜೆ ದೀಪಕ್ಕೆ ಉದ್ದಕ್ಕೆ ಬೀಳುವ ಕೊಂಬಿನ ನೆರಳು, ಒಳಗೆ ಕಾಲಿಟ್ಟವರ ಮೇಲೆ ನಿಲ್ಲುವ ಕಣ್ಣು. ಇಷ್ಟು ಇದ್ದರೆ ಆ ಗೋಡೆಗೆ ಮತ್ತೇನೂ ಬೇಡ.

ಗಮನಿಸಿದರೆ ಈ ಸೆಳೆತದಲ್ಲಿ ಚರ್ಮದ ಪಾಲು ಬಹಳ ಕಮ್ಮಿ. ಹತ್ತಡಿ ದೂರದಿಂದ ಕೂದಲು ನಿಜವೋ ಸುಳ್ಳೋ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಕಿವಿ ಒಂದಿಂಚು ಮೇಲೆ ಕೂತರೆ, ಕಣ್ಣು ನೆಟ್ಟಗಿಲ್ಲದಿದ್ದರೆ, ಕೊಂಬು ತಪ್ಪು ಕಡೆಯಿಂದ ಹುಟ್ಟಿದ್ದರೆ ಕಾಡು ನೋಡಿದ ಯಾರಿಗಾದರೂ ತಟ್ಟನೆ ಗೊತ್ತಾಗುತ್ತದೆ. ಹಾಗಾಗಿ ಇಲ್ಲಿ ತೂಗಿ ನೋಡಿರುವ ಮೂರು ಬಗೆಯ ನಕಲಿ ತಲೆಗಳಿಗೂ ಅಳತೆಗೋಲು ಎರಡೇ: ಪ್ರಾಣಿಯ ಅಂಗರಚನೆ ಸರಿಯಿದೆಯೇ, ಆಗುಂಬೆ–ಹುಲಿಕಲ್ ಸುತ್ತಿನ ಮಳೆಗಾಲವನ್ನು ತಡೆಯುತ್ತದೆಯೇ.

ನಿಜವಾದ ತಲೆಯ ಮಾತನ್ನು ಮೊದಲೇ ಮುಗಿಸಿಬಿಡೋಣ. ಕೊಳ್ಳಲು ಆಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾಲೀಕತ್ವದ ಪ್ರಮಾಣಪತ್ರ ಇರುವ ಹಳೆಯ ತಲೆಯನ್ನೂ ಮಾರುವಂತಿಲ್ಲ. 2002ರ ತಿದ್ದುಪಡಿಯ ನಂತರ ಇಂಥವು ಕೈಬದಲಾಗಲು ಉಳಿದಿರುವುದು ವಾರಸುದಾರಿಕೆ ಒಂದೇ. ಹಾಗೆ ಬಂದರೂ 90 ದಿನದೊಳಗೆ ಅರಣ್ಯ ಇಲಾಖೆಗೆ ಘೋಷಣೆ ಕೊಡಬೇಕು. ಕಾಟಿ ಕಾಯ್ದೆಯ ಮೊದಲ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆಯ ಪ್ರಾಣಿ. ಸಿಕ್ಕಿಬಿದ್ದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ‘ಕಾಡಲ್ಲಿ ತಾನಾಗಿ ಉದುರಿದ ಕೊಂಬು ಕಣ್ರೀ, ಕೊಂದಿದ್ದಲ್ಲ’ ಎನ್ನುವ ವಾದ ನಿಲ್ಲುವುದಿಲ್ಲ. ಉದುರಿದ ಕಡವೆ ಕೊಂಬೂ ಸರ್ಕಾರದ ಸೊತ್ತೇ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಲಾಕೆಟ್ ಪ್ರಕರಣ ರಾಜ್ಯವಿಡೀ ಸದ್ದು ಮಾಡಿದ ಮೇಲಂತೂ ಗೋಡೆಯಿಂದ ಇಳಿದು ಅಟ್ಟ ಸೇರಿದ ಕೊಂಬುಗಳಿಗೆ ಲೆಕ್ಕವಿಲ್ಲ. ನವಿಲಿನ ಬಾಲದ ಗರಿಗೆ ಮಾತ್ರ ಕಾಯ್ದೆಯಲ್ಲಿ ವಿನಾಯಿತಿ ಇದೆ.

ಕಾನೂನು ಬದಿಗಿಟ್ಟರೂ ನಿಜ ತಲೆ ಇಲ್ಲಿನ ಹವೆಗೆ ಒಗ್ಗುವ ವಸ್ತುವಲ್ಲ. ಬೇಟೆಯ ಪ್ರಾಣಿಗಳ ಚರ್ಮ ಹದಮಾಡಿ ಜೀವಂತವಿದ್ದಂತೆ ಕೂರಿಸಿಕೊಡುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆ 1900ರ ಸುಮಾರಿಗೆ ಶುರುವಾಗಿ 1999ರಲ್ಲಿ ಮುಚ್ಚಿತು. ಅಷ್ಟರಲ್ಲಿ ಅಲ್ಲಿ ಹದಗೊಂಡು ಹೊರಬಿದ್ದ ಹುಲಿ–ಚಿರತೆಗಳು 43 ಸಾವಿರಕ್ಕೂ ಹೆಚ್ಚು ಎಂದು ಲೆಕ್ಕ. ಕಾಗದದ ರಾಡಿಯಿಂದ ಮಾಡಿದ ಗಟ್ಟಿ ಅಚ್ಚಿನ ಮೇಲೆ ಹದಮಾಡಿದ ಚರ್ಮ ಹೊದಿಸುವುದು ಅವರ ಕ್ರಮ. ಮೂಗಿನ ಹೊಳ್ಳೆಯ ಒಳಮಡಿಕೆ, ಕಿವಿಯ ಒಳಗಿನ ಏಣು, ಕಣ್ಣಂಚಿನ ತೆಳು ರೆಪ್ಪೆ ಇವುಗಳಲ್ಲಿ ಅವರನ್ನು ಮೀರಿಸಿದವರು ಕಡಿಮೆ. ಆದರೆ ಎಂಥ ಕೈಕೆಲಸವಾದರೂ ಚರ್ಮ ಚರ್ಮವೇ. ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ, ಮಾಘದ ಒಣಗಾಳಿಗೆ ಬಿಗಿಯುತ್ತದೆ. ಒಳಗಿನ ಅಚ್ಚು ಅದೇ ಲೆಕ್ಕದಲ್ಲಿ ಹಿಗ್ಗಿ ಕುಗ್ಗುವುದಿಲ್ಲ. ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ತುಟಿ ಹಿಂದಕ್ಕೆ ಸರಿದು ಹಲ್ಲು ಕಿರಿದಂತಾಗುತ್ತದೆ, ಕಣ್ಣ ಸುತ್ತ ಚರ್ಮ ಅಚ್ಚು ಬಿಟ್ಟು ಮೇಲೇಳುತ್ತದೆ, ಕತ್ತಿನ ಹೊಲಿಗೆ ಬಾಯಿಬಿಡುತ್ತದೆ. ಅದರ ಹಿಂದೆಯೇ ಬೂಷ್ಟು, ಚರ್ಮ ತಿನ್ನುವ ಹುಳ. ಮನೆಯಲ್ಲಿ ಪ್ರಮಾಣಪತ್ರವಿರುವ ಹಳೆ ತಲೆ ಇದ್ದರೆ ಒಂದು ಎಚ್ಚರಿಕೆ: ಆ ಕಾಲದಲ್ಲಿ ಹುಳ ಹಿಡಿಯದಿರಲೆಂದು ಚರ್ಮದ ಒಳಮೈಗೆ ಆರ್ಸೆನಿಕ್ ಸೋಪು ಹಚ್ಚುವುದು ಎಲ್ಲ ಕಡೆ ರೂಢಿಯಲ್ಲಿತ್ತು. ಬರಿಗೈಯಲ್ಲಿ ಉಜ್ಜಬೇಡಿ, ಪೊರಕೆಯಿಂದ ಝಾಡಿಸಬೇಡಿ, ಮಕ್ಕಳ ಕೈಗೆಟುಕುವಂತೆ ಇಡಬೇಡಿ. ಕೈಗವಸು, ಎನ್95 ಮಾಸ್ಕ್, ಮೆತ್ತನೆಯ ಕುಂಚ ಇಷ್ಟಾದರೂ ಇರಲಿ.

ಇನ್ನು ಕೊಳ್ಳಬಹುದಾದವು.

ಆನ್‌ಲೈನಿನಲ್ಲಿ ‘ಡೀರ್ ಹೆಡ್ ವಾಲ್ ಡೆಕೋರ್’ ಎಂದು ಬರುವ ಪಾಲಿರೆಸಿನ್ ತಲೆಗಳ ಬಗ್ಗೆ ಹೆಚ್ಚು ಹೇಳುವುದು ಬೇಡ. ಅವುಗಳ ಮೊದಲ ತೊಂದರೆ, ಅದು ನಮ್ಮ ಪ್ರಾಣಿಯೇ ಅಲ್ಲ. ನಮ್ಮ ಜಿಂಕೆಗೂ ಕಡವೆಗೂ ಒಂದೊಂದು ಕೊಂಬಿಗೆ ಸಾಮಾನ್ಯವಾಗಿ ಮೂರೇ ಕವಲು. ಪೆಟ್ಟಿಗೆ ಬಿಚ್ಚಿದಾಗ ಸಿಗುವುದು ಐದಾರು ಕವಲಿನ ಯುರೋಪಿನ ಕೆಂಪು ಜಿಂಕೆ. ‘ಬೈಸನ್’ ಎಂದು ತರಿಸಿದರೆ ಗಡ್ಡ ಬಿಟ್ಟ, ಹಣೆ ತುಂಬ ಗುಂಗುರು ಕೂದಲಿನ ಅಮೆರಿಕದ ಪ್ರಾಣಿ ಬರುತ್ತದೆ. ಹೊಸನಗರದ ಜಗಲಿಯಲ್ಲಿ ಅದಕ್ಕೇನು ಕೆಲಸ? ಎರಡನೆಯದು, ಟೊಳ್ಳಿಲ್ಲದೆ ಎರಕ ಹೊಯ್ದ ಪಾಲಿರೆಸಿನ್ ಗಾಜಿನಂತೆ ಪೆಡಸು, ಕೊಂಬಿನ ತುದಿ ಕೊರಿಯರ್‌ನಲ್ಲೇ ಮುರಿಯುತ್ತದೆ. ಹಿಂಬದಿಯಲ್ಲಿ ನೇತುಹಾಕಲು ಇರುವುದು ಒಂದೇ ಒಂದು ತಗಡಿನ ಕೊಕ್ಕೆ. ತಲೆ ಒಂದು ಪಕ್ಕಕ್ಕೆ ವಾಲಿಕೊಂಡೇ ಇರುತ್ತದೆ. ಬಿಳಿ ಬಣ್ಣದ್ದೋ ಚಿನ್ನದ ಬಣ್ಣದ್ದೋ ತಂದು ಅಪಾರ್ಟ್‌ಮೆಂಟಿನ ಸಣ್ಣ ಗೋಡೆಗೆ ಬರೀ ಆಕಾರಕ್ಕೆಂದು ಹಾಕುವುದಾದರೆ ಸರಿ. ಮಲೆನಾಡ ಮನೆಗೆ ಬೇಡ.

ಫೈಬರ್ ತಲೆ, ಅಂದರೆ ಗಾಜಿನೆಳೆಯ ಮ್ಯಾಟಿಗೆ ರೆಸಿನ್ ಹಚ್ಚಿ ಅಚ್ಚಿನಲ್ಲಿ ಮಾಡಿದ್ದು, ಬೇರೆಯೇ ದರ್ಜೆಯದು. ಸ್ತಬ್ಧಚಿತ್ರ, ಪಾರ್ಕಿನ ಆನೆ–ಜಿರಾಫೆ ಮಾಡುವವರೇ ಇದನ್ನೂ ಮಾಡಿಕೊಡುತ್ತಾರೆ. ಪೂರ್ಣ ಗಾತ್ರದ ಕಾಟಿ ತಲೆ, ಕತ್ತು ಸೇರಿ, ಹತ್ತು ಕಿಲೋ ಆಸುಪಾಸಿನಲ್ಲಿ ಮುಗಿಯುತ್ತದೆ. ಅಷ್ಟು ಹಗುರಕ್ಕೆ ಆ ಗಾತ್ರ ಬೇರೆ ಯಾವುದರಲ್ಲೂ ಸಿಗದು. ನೀರು ಕುಡಿಯುವುದಿಲ್ಲ, ಹುಳ ಮುಟ್ಟುವುದಿಲ್ಲ. ರಿಸೆಪ್ಷನ್, ಅರ್ಧ ತೆರೆದ ಊಟದ ಅಂಗಳ, ಎರಚಲು ಹೊಡೆಯುವ ಜಗಲಿಯಂಥ ಕಡೆಗೆ ಇದೇ ಸರಿ.

ಕೊಳ್ಳುವಾಗ ಮೊದಲು ದಪ್ಪ ನೋಡಿ. 450 ಜಿಎಸ್‌ಎಂ (ಚದರ ಮೀಟರಿಗೆ 450 ಗ್ರಾಂ ತೂಗುವ) ಗಾಜಿನೆಳೆ ಮ್ಯಾಟಿನ ಒಂದು ಪದರ ಹೆಚ್ಚುಕಡಿಮೆ 1 ಮಿ.ಮೀ. ಆಗುತ್ತದೆ. ಮೂರು ಪದರ ಬೇಕು. ಕೊಂಬಿನ ಬುಡಕ್ಕೆ, ಕಿವಿಯ ಬುಡಕ್ಕೆ ಇನ್ನೊಂದು ಹೆಚ್ಚಾಗಲಿ. ಎರಡೇ ಪದರದಲ್ಲಿ ಮುಗಿಸಿದ್ದರೆ ಕೆನ್ನೆಯನ್ನು ಹೆಬ್ಬೆರಳಲ್ಲಿ ಒತ್ತಿದಾಗ ಒಳಕ್ಕೆ ಬಾಗುತ್ತದೆ. ಎರಡನೆಯದಾಗಿ, ಮಳೆಗಾಲದಲ್ಲಿ ಎರಕ ಹೊಯ್ದದ್ದನ್ನು ತಗೊಳ್ಳಬೇಡಿ. ರೆಸಿನ್‌ಗೆ ಸೇರಿಸುವ ಗಟ್ಟಿಕಾರಕ ನೂರಕ್ಕೆ ಒಂದರಿಂದ ಎರಡು ಭಾಗ. ಚಳಿ–ತೇವದಲ್ಲಿ ಅದು ಸರಿಯಾಗಿ ಕೆಲಸ ಮಾಡದೆ ಮೈ ಅಂಟಂಟಾಗಿ ಉಳಿಯುತ್ತದೆ, ರೆಸಿನ್‌ನೊಳಗಿನ ಸ್ಟೈರೀನ್ ವಾಸನೆ ವಾರಗಟ್ಟಲೆ ಹೋಗುವುದಿಲ್ಲ. ಬಾಗಿಲು ಹಾಕಿ ಮಲಗುವ ಕೋಣೆಗೆ ಇಂಥದ್ದನ್ನು ಹಾಕಿದರೆ ಅತಿಥಿ ತಲೆನೋವೆಂದು ದೂರುವುದು ಖಂಡಿತ. ಪರೀಕ್ಷೆ ಸುಲಭ: ಬಣ್ಣ ಹೊಡೆಯುವ ಮೊದಲು ಹತ್ತಿಗೆ ಅಸಿಟೋನ್ ಹಾಕಿ ಹಿಂಬದಿಗೆ ಉಜ್ಜಿ. ಮೈ ಅಂಟಾದರೆ ಅದು ಬೆಂದಿಲ್ಲ, ವಾಪಸ್ ಕಳಿಸಿ.

ಬಣ್ಣದಲ್ಲಿ ಎಲ್ಲರೂ ಎಡವುವುದು ಹೊಳಪಿನಲ್ಲಿ. ಇಡೀ ತಲೆಗೆ ಮಿರಮಿರ ಮಿಂಚುವ ಪೇಂಟ್ ಹೊಡೆದರೆ ಪಾರ್ಕಿನ ಕಸದಬುಟ್ಟಿ ನೋಡಿದ ಹಾಗಿರುತ್ತದೆ. ಮೈಗೆ ಪೂರ್ತಿ ಹೊಳಪಿಲ್ಲದ ಬಣ್ಣ, ಕೊಂಬಿಗೆ ಅರೆಹೊಳಪು, ಮೂಗಿನ ತುದಿಗೆ ಮಾತ್ರ ಒಂದು ಕೋಟು ಹೊಳಪಿನ ವಾರ್ನಿಷ್. ಬದುಕಿದ ಪ್ರಾಣಿಯ ಮೂಗು ಸದಾ ಒದ್ದೆ. ಅಷ್ಟೊಂದು ಜಾಗ ಹೊಳೆದರೆ ಸಾಕು, ಇಡೀ ತಲೆಗೆ ಜೀವ ಬಂದಂತೆ ಕಾಣುತ್ತದೆ. ಕೊಂಬಿನ ಬುಡ ಹಸಿರು ಬೆರೆತ ತಿಳಿಹಳದಿ, ತುದಿ ಕಪ್ಪು. ಪೂರ್ತಿ ಕಪ್ಪು ಬಳಿದರೆ ಅದು ಎಮ್ಮೆ.

ಇವೆಲ್ಲಕ್ಕಿಂತ ಒಂದು ಮೆಟ್ಟಿಲು ಮೇಲಿರುವುದು ಗುಡಿಗಾರರು ಶಿವನೆ ಮರದಲ್ಲಿ ಕೆತ್ತಿಕೊಡುವ ತಲೆ. ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆ ಎಲ್ಲರಿಗೂ ಗೊತ್ತು. ದೇವರ ವಿಗ್ರಹ, ಮಂಟಪ, ಆನೆ, ಪೆಟ್ಟಿಗೆ ಅವರ ನಿತ್ಯದ ಕೆಲಸ. ಕಾಟಿ ತಲೆಯನ್ನು ಹೇಳಿಯೇ ಮಾಡಿಸಬೇಕು. ಶಿವನೆ ಹಗುರ, ಉಳಿಗೆ ಮೆತ್ತಗೆ ಸಿಗುತ್ತದೆ, ಒಣಗಿದ ಮೇಲೆ ಡೊಂಕಾಗುವುದು ಕಮ್ಮಿ. ಸಾಗುವಾನಿಯಲ್ಲಿ ಮಾಡಿಸಿದರೆ ತೂಕವೂ ಹೆಚ್ಚು, ದುಡ್ಡೂ ಹೆಚ್ಚು, ನೋಟಕ್ಕೆ ಅಂಥ ಲಾಭವೇನಿಲ್ಲ.

ಕೈಕೆಲಸದ ಬಗ್ಗೆ ತಕರಾರಿಲ್ಲ. ತೊಂದರೆ ಬರುವುದು ಬೇರೆ ಕಡೆಯಿಂದ. ತಲೆಮಾರುಗಳಿಂದ ನಂದಿ ಕೆತ್ತಿದ ಕೈ ಅದು. ಬಿಟ್ಟರೆ ಕಾಟಿಗೂ ನಂದಿಯ ಮುಖವೇ ಬರುತ್ತದೆ. ತಾವರೆ ದಳದಂಥ ದೊಡ್ಡ ಕಣ್ಣು, ಎರಡು ಗೆರೆಯ ರೆಪ್ಪೆ, ಮಟ್ಟಸ ಹಣೆ, ಗಂಗೆದೊಗಲಿನಲ್ಲಿ ಅಲೆಅಲೆಯಾದ ಮಡಿಕೆ. ನೋಡಲು ಚೆಂದ, ಕೈ ಮುಗಿಯುವಷ್ಟು ಚೆಂದ, ಆದರೆ ಕಾಟಿಯಲ್ಲ. ಕಾಟಿಯ ಎರಡು ಕೊಂಬಿನ ನಡುವೆ ಹಣೆ ಮೇಲೆದ್ದು ಮುಂದಕ್ಕೆ ಬಾಗಿದ ದಿಬ್ಬವಾಗಿರುತ್ತದೆ, ಅದರ ಮೇಲೆ ಬೂದುಬಿಳಿ ಕೂದಲು. ಕಿವಿ ಕೊಂಬಿನ ಕೆಳಗೆ, ಪಕ್ಕಕ್ಕೆ ಅಡ್ಡ ಚಾಚಿರುತ್ತದೆ. ಕಣ್ಣು ಮುಖದ ಗಾತ್ರಕ್ಕೆ ಹೋಲಿಸಿದರೆ ಚಿಕ್ಕದು, ಪಕ್ಕಕ್ಕಿರುತ್ತದೆ, ಪಾಪೆ ಅಡ್ಡಡ್ಡ. ಆರ್ಡರ್ ಕೊಡುವಾಗ ಎದುರಿನಿಂದ, ಎಡಪಕ್ಕದಿಂದ, ಮುಕ್ಕಾಲು ಪಕ್ಕದಿಂದ ತೆಗೆದ ಮೂರು ಫೋಟೋಗಳನ್ನು ಕೆತ್ತುವ ಗಾತ್ರಕ್ಕೇ ಪ್ರಿಂಟ್ ಹಾಕಿಸಿ ಕೊಡಿ. ಮೊಬೈಲಿನಲ್ಲಿ ತೋರಿಸಿದರೆ ಅಳತೆ ಸಿಗುವುದಿಲ್ಲ. ಕಡವೆ ಅಥವಾ ಜಿಂಕೆ ಮಾಡಿಸುವುದಾದರೆ ಕೆತ್ತುವವರನ್ನು ಶಿವಮೊಗ್ಗ ಹತ್ತಿರದ ತ್ಯಾವರೆಕೊಪ್ಪದ ಸಫಾರಿಗೆ ಒಮ್ಮೆ ಕರೆದುಕೊಂಡು ಹೋಗಿ ಬರುವುದು ಹತ್ತು ಫೋಟೋಕ್ಕಿಂತ ಮೇಲು.

ಗಾತ್ರ ನಿಜ ತಲೆಗಿಂತ ಇಳಿಸಿ. ಹಣೆಯಿಂದ ಗದ್ದಕ್ಕೆ ಒಂದೂವರೆ ಅಡಿ ಸಾಕು. ಒಂದೇ ದಿಮ್ಮಿಯಿಂದ ಕೆತ್ತಿಸಿದರೆ ಭವ್ಯ ಎಂದು ಅನೇಕರ ನಂಬಿಕೆ, ಆದರೆ ಸೀಳುವುದು ಅದೇ. ಮರ ಉಂಗುರದ ಸುತ್ತಿನಲ್ಲಿ ಕುಗ್ಗುವುದು ನಡುವಿನಿಂದ ಹೊರಕ್ಕೆ ಕುಗ್ಗುವುದರ ಸುಮಾರು ಎರಡರಷ್ಟು. ದಿಮ್ಮಿಯ ತಿರುಳು ಒಳಗೇ ಉಳಿದಿದ್ದರೆ ಆ ಎಳೆತ ಎಲ್ಲೋ ಒಂದು ಕಡೆ ಬಾಯಿಬಿಡಲೇಬೇಕು, ಹೆಚ್ಚಾಗಿ ಮೂಗಿನ ಮೇಲೆ ನೆಟ್ಟಗೆ. ಮಳೆಗಾಲದಲ್ಲಿ ಗಾಳಿಯ ತೇವ 85–90 ಪ್ರತಿಶತ ಇರುವಾಗ ಮರ ತನ್ನ ತೂಕದ 18–20 ಪ್ರತಿಶತ ನೀರು ಹಿಡಿದಿರುತ್ತದೆ. ಗಾಳಿಯ ತೇವ 50ಕ್ಕೆ ಇಳಿದಾಗ ಅದು 9ಕ್ಕೆ ಬರುತ್ತದೆ. ವರ್ಷಾವರ್ಷ ಈ ಏರಿಳಿತ ತಡೆಯಬೇಕೆಂದರೆ ತಿರುಳು ತೆಗೆದ ಎರಡಿಂಚಿನ ಹಲಗೆಗಳನ್ನು, ಉಂಗುರದ ಬಾಗು ಒಂದರದು ಮೇಲೆ ಇನ್ನೊಂದರದು ಕೆಳಗೆ ಬರುವಂತೆ ಜೋಡಿಸಿ, ನೀರಿಗೆ ಬಿಡದ ಅಂಟಿನಲ್ಲಿ ಬಿಗಿದು ದಿಮ್ಮಿ ಮಾಡಿಸಬೇಕು. ಕೆತ್ತಿದ ಮೇಲೆ ಹಿಂಬದಿಯಿಂದ ಟೊಳ್ಳು ತೆಗೆಸಿ, ಸುತ್ತಲಿನ ಮರ ಒಂದೂವರೆ ಇಂಚು ದಪ್ಪ ಉಳಿಯಲಿ, ಕೊಂಬು ಕೂರುವ ಕಡೆ ಇನ್ನಷ್ಟು. ತೂಕವೂ ಹತ್ತು–ಹನ್ನೆರಡು ಕಿಲೋಗೆ ಇಳಿಯುತ್ತದೆ.

ಕೊಂಬು ಬೇರೆ ತುಂಡು. ನೆಟ್ಟಗಿನ ಹಲಗೆಯಿಂದ ಬಾಗಿದ ಕೊಂಬು ಕತ್ತರಿಸಿದರೆ ತುದಿಯ ಹತ್ತಿರ ಮರದ ಎಳೆ ಅಡ್ಡಕ್ಕೆ ಬರುತ್ತದೆ, ಬಟ್ಟೆ ತಾಗಿದರೂ ಪಟ್ಟನೆ ಮುರಿಯುತ್ತದೆ. ತಾನಾಗಿ ಬಾಗಿ ಬೆಳೆದ ಕೊಂಬೆಯನ್ನು ಹುಡುಕಿ ತಂದರೆ ಎಳೆ ಬಾಗಿನ ಜೊತೆಗೇ ಸಾಗುತ್ತದೆ. ಕೆಲಸ ಬಲ್ಲವರು ಹೇಳದೆಯೂ ಹೀಗೇ ಮಾಡುತ್ತಾರೆ. ಬುಡದಲ್ಲಿ 20 ಮಿ.ಮೀ. ದಪ್ಪದ ಗೂಟ, ಎರಡೂವರೆ ಇಂಚು ಒಳಕ್ಕೆ, ಹಿಂಬದಿಯಿಂದ ಸ್ಕ್ರೂ. ಅಂಟು ಬೇಡ, ಸಾಗಿಸುವಾಗ ಬಿಚ್ಚುವಂತಿರಲಿ. ‘ಒರಿಜಿನಲ್ ಕೊಂಬು ಹಾಕಿಕೊಡ್ತೀವಿ’ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ಮುಗಿಸಿ. ಸಾಕಿದ ಎಮ್ಮೆಯ ಕೊಂಬು ವನ್ಯಜೀವಿ ಕಾಯ್ದೆಗೆ ಬರುವುದಿಲ್ಲ ನಿಜ, ಆದರೆ ಅದರ ಮೈ ಚಪ್ಪಟೆ, ಅಡ್ಡಗೀರು ತುಂಬಿರುತ್ತದೆ. ಕಾಟಿಯದು ಬುಡದಲ್ಲಷ್ಟೇ ತುಸು ಚಪ್ಪಟೆ, ಮೇಲೆ ದುಂಡನೆ, ನುಣುಪು. ಹೊಂದುವುದೇ ಇಲ್ಲ.

ಕಣ್ಣನ್ನು ಮರದಲ್ಲೇ ಕೆತ್ತಿಸಬೇಡಿ, ಕಲ್ಲಿನ ವಿಗ್ರಹದಂತಾಗುತ್ತದೆ. ಕಡುಗಂದು ಗಾಜಿನ ಕಣ್ಣು ಕೂರಿಸಿ, ಸುತ್ತ ಎಂ-ಸೀಲ್‌ನಲ್ಲಿ ರೆಪ್ಪೆ ತಿದ್ದಿಸಿ. ತಲೆ ಎಷ್ಟೇ ಬಾಗಿರಲಿ, ಅಡ್ಡ ಪಾಪೆ ನೆಲಕ್ಕೆ ಸಮಾನಾಂತರವಾಗಿ ನಿಲ್ಲಬೇಕು. ಇದೊಂದು ತಪ್ಪಿದರೆ ತಲೆಗೆ ಮಂಕು ಕವಿದಂತೆ ಕಾಣುತ್ತದೆ, ಯಾಕೆಂದು ಮಾತ್ರ ಯಾರಿಗೂ ಹೇಳಲಿಕ್ಕೆ ಬರುವುದಿಲ್ಲ. ಮೈಗೆ ಎಮರಿ ಪೇಪರ್ ಹಾಕಿ ನುಣ್ಣಗೆ ಮಾಡಲು ಬಿಡಬೇಡಿ. ಕೂದಲು ಸಾಗುವ ದಿಕ್ಕಿಗೆ ಬಿದ್ದ ಸಣ್ಣ ಉಳಿಯ ಗೀರುಗಳೇ ಇಲ್ಲಿ ತೊಗಲು. ಆನ್‌ಲೈನ್ ಮಾಲಿನಿಂದ ಈ ಕೆಲಸವನ್ನು ಬೇರ್ಪಡಿಸುವುದೂ ಅದೇ ಗೀರು.

ಹುಳಕ್ಕೆ ಮದ್ದು: ಬೋರಾಕ್ಸ್ ಮೂರು ಪಾಲು, ಬೋರಿಕ್ ಆಸಿಡ್ ಎರಡು ಪಾಲು ಬೆರೆಸಿ, ಒಟ್ಟು 50 ಗ್ರಾಂ ಪುಡಿಯನ್ನು ಒಂದು ಲೀಟರ್ ಬಿಸಿನೀರಿನಲ್ಲಿ ಕರಗಿಸಿ, ಪಾಲಿಶ್‌ಗೆ ಮೊದಲು ಒಳಗೂ ಹೊರಗೂ ಮೂರು ಸಲ ಹಚ್ಚಿಸಿ. ಟೊಳ್ಳಿನ ಒಳಭಾಗವನ್ನು ಮರೆಯುವವರೇ ಹೆಚ್ಚು, ಕುಟ್ಟೆಹುಳ ಶುರುವಾಗುವುದೂ ಅಲ್ಲಿಂದಲೇ. ಪೂರ್ತಿ ಒಣಗಿದ ಮೇಲೆ ಹೊಳಪಿಲ್ಲದ ಪಿಯು (ಪಾಲಿಯುರೆಥೇನ್) ಪಾಲಿಶ್. ಮೆಲಮೈನ್, ಅರಗಿನ ಪಾಲಿಶ್ ಎರಡೂ ತೇವದ ದಿನದಲ್ಲಿ ಹೊಡೆದರೆ ಬೆಳ್ಳಗೆ ಮಂಜು ಹಿಡಿಯುತ್ತವೆ. ಅಗಸೆ ಎಣ್ಣೆ ಹಚ್ಚಿದರೆ ಆಷಾಢದಲ್ಲಿ ಬೂಷ್ಟಿಗೆ ಊಟ ಹಾಕಿದಂತೆ.

ನೇತುಹಾಕುವುದರಲ್ಲಿ ಅರ್ಧ ಕೆಲಸ ಕೆಡುತ್ತದೆ. ಜಂಬಿಟ್ಟಿಗೆ ಗೋಡೆ ರಂಧ್ರಮಯ. ಪ್ಲಾಸ್ಟಿಕ್ ಗಟ್ಟ ಬಡಿದು ಸ್ಕ್ರೂ ಹಾಕಿದರೆ ಆ ದಿನ ಗಟ್ಟಿ, ಮಳೆಗಾಲ ಮುಗಿಯುವಾಗ ಸಡಿಲ. ಜಾಲರಿ ಕೊಳವೆ ಹಾಕಿ, ಬೋಲ್ಟನ್ನು ಕಚ್ಚಿ ಹಿಡಿಯುವ ರೆಸಿನ್ ಅಂಟಾದ ಕೆಮಿಕಲ್ ಆ್ಯಂಕರ್ ತುಂಬಿ 10 ಮಿ.ಮೀ. ಬೋಲ್ಟ್ ಎರಡು ಕೂರಿಸಬೇಕು, ನಾಲ್ಕಿಂಚು ಆಳಕ್ಕೆ. ಮಣ್ಣಿನ ಗೋಡೆಯಾದರೆ ಅದರ ತಂಟೆಗೇ ಹೋಗಬೇಡಿ, ಮುಂಡಿಗೆಗೋ ತೊಲೆಗೋ ಹಾಕಿ. ಗೋಡೆಗೊಂದು, ತಲೆಯ ಬೆನ್ನಿಗೊಂದು 45 ಡಿಗ್ರಿ ಓರೆಯಾಗಿ ಸೀಳಿದ ಮರದ ಪಟ್ಟಿ ಬಡಿದು ಒಂದರೊಳಗೊಂದು ಕೂರಿಸಿದರೆ ತಲೆ ವಾಲುವುದಿಲ್ಲ, ತೆಗೆದು ಒರೆಸುವುದೂ ಸುಲಭ. ಬೆನ್ನಿಗೂ ಗೋಡೆಗೂ ನಡುವೆ ಮುಕ್ಕಾಲಿಂಚು ಗಾಳಿ ಆಡಬೇಕು. ಅಂಟಿಸಿಬಿಟ್ಟರೆ ಹಿಂದೆ ಒರಲೆ ಮಣ್ಣಿನ ಹಾದಿ ಕಟ್ಟಿದ್ದು ಮೂಗು ಉದುರಿದಾಗಲೇ ಗೊತ್ತಾಗುವುದು. ಫೈಬರ್ ತಲೆಗಾದರೆ ಬೆನ್ನಿನ ಪ್ಲೈವುಡ್ 18 ಮಿ.ಮೀ.ನ ಬಿಡಬ್ಲ್ಯುಪಿ (ಕುದಿನೀರಿಗೂ ಬಿಡದ) ದರ್ಜೆಯದೇ ಆಗಬೇಕು.

ಕತ್ತಿನ ಕೆಳಅಂಚು ನೆಲದಿಂದ ಆರೂವರೆ ಅಡಿ, ಮುಖ 10–15 ಡಿಗ್ರಿ ಕೆಳಕ್ಕೆ ಬಾಗಿರಲಿ. ನೆಟ್ಟಗೆ ನಿಲ್ಲಿಸಿದರೆ ಕೆಳಗಿಂದ ನೋಡುವವರಿಗೆ ಬರೀ ಗದ್ದ ಕಾಣುತ್ತದೆ. ದೀಪ ಮೇಲಿಂದ, ಹಳದಿ ಬೆಳಕು, ಸ್ವಲ್ಪ ಒಂದು ಪಕ್ಕಕ್ಕೆ. ಕೆಳಗಿನಿಂದ ಬೆಳಕು ಬಿಟ್ಟರೆ ಯಕ್ಷಗಾನದ ರಾಕ್ಷಸ ವೇಷ. ಒಂದು ಕೋಣೆಗೆ ಒಂದೇ ತಲೆ. ಮೂರು–ನಾಲ್ಕು ಸಾಲಾಗಿ ಜೋಡಿಸಿದಲ್ಲಿಗೆ ಅದು ಮನೆ ಹೋಗಿ ಶಿಕಾರಿ ಕ್ಲಬ್ಬಾಗುತ್ತದೆ.

ಮೂರಕ್ಕೂ ಅನ್ವಯಿಸುವ ಇನ್ನೊಂದು ಕಾಟ: ಮಳೆ ಬಿಟ್ಟ ಕೂಡಲೇ ಕುಂಬಾರ ಹುಳ ಬಂದು ಮೂಗಿನ ಹೊಳ್ಳೆಯಲ್ಲಿ, ಕಿವಿಯೊಳಗೆ ಮಣ್ಣಿನ ಗೂಡು ಕಟ್ಟುತ್ತದೆ. ಹೊಳ್ಳೆ ಒಂದಿಂಚಿಗಿಂತ ಆಳ ಬೇಡ, ಒಳಗೆ ಕಪ್ಪು ಬಳಿದರೆ ಆಳವಿದ್ದಂತೆಯೇ ಕಾಣುತ್ತದೆ. ಒಣಬಟ್ಟೆಯಲ್ಲಿ ಹದಿನೈದು ದಿನಕ್ಕೊಮ್ಮೆ ಒರೆಸಿದರೆ ಸಾಕು. ಬೇವಿನೆಣ್ಣೆ ಹಚ್ಚಿದರೆ ಧೂಳು ಅಂಟಿಕೊಳ್ಳುತ್ತದೆ ಅಷ್ಟೇ.

ಅಂಕ ಕೊಡುವುದಾದರೆ ಆನ್‌ಲೈನ್ ಪಾಲಿರೆಸಿನ್‌ಗೆ ಐದಕ್ಕೆ ಒಂದೂವರೆ, ಒಳ್ಳೆಯ ಫೈಬರಿಗೆ ಮೂರೂವರೆ, ಶಿವನೆ ತಲೆಗೆ ನಾಲ್ಕೂವರೆ. ಅರ್ಧ ಕಡಿಮೆ ಮಾಡಿದ್ದು ನಂದಿಯ ಮುಖಕ್ಕೆ; ಆ ತಿದ್ದುಪಡಿಯ ಹೊಣೆ ಪೂರ್ತಿ ಕೊಳ್ಳುವವರ ಮೇಲೆ ಬೀಳುತ್ತದೆ. ಆರ್ಡರ್ ದೀಪಾವಳಿ ಹೊತ್ತಿಗೆ ಕೊಟ್ಟರೆ ಕೆತ್ತನೆ ಒಣಹವೆಯಲ್ಲಿ ನಡೆದು ಫೆಬ್ರುವರಿ–ಮಾರ್ಚಿನಲ್ಲಿ ಪಾಲಿಶ್ ಆಗುತ್ತದೆ. ಮೇ ತಿಂಗಳಲ್ಲಿ ಹೋಗಿ ಅವಸರ ಮಾಡಿದರೆ ಹಸಿ ಮರವೇ ಕೈಗೆ ಬರುತ್ತದೆ. ಬಿಲ್ಲಿನಲ್ಲಿ ‘ಶಿವನೆ ಮರದ ಕೆತ್ತನೆ, ಗಾಜಿನ ಕಣ್ಣು’ ಎಂದು ಸ್ಪಷ್ಟವಾಗಿ ಬರೆಸಿ ಇಟ್ಟುಕೊಳ್ಳಿ. ಒಳ್ಳೆಯ ಕೆಲಸವಾದಷ್ಟೂ ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸುವ ಸಂಭವ ಹೆಚ್ಚು. ಕಿವಿ ಮಾತ್ರ ಒಂದು ಜೊತೆ ಹೆಚ್ಚಿಗೆ ಕೆತ್ತಿಸಿಕೊಳ್ಳಿ: ತೆಳುವಾಗಿ ಪಕ್ಕಕ್ಕೆ ಚಾಚಿರುವುದರಿಂದ ಮೊದಲು ಮುರಿಯುವುದು ಅದೇ, ಆಮೇಲೆ ಅದೇ ಮರ, ಅದೇ ಕೈ ಸಿಗುವುದು ಕಷ್ಟ.